ನೀರಲ್ಲಿ ನುಂಗಿದ ಮಾತ್ರೆ

ಸ್ನೇಹಲತಾಗೆ ಒಂದು ಲೆಕ್ಕಕ್ಕೆ ಒಂದೇ ಉತ್ತರ ಇರಬೇಕು. ಚನ್ನರಾಯಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುವವಳು. ಉತ್ತರ ಸರಿಯಿದ್ದು ದಾರಿ ತಪ್ಪಿದ್ದರೂ ಅರ್ಧ ಅಂಕ ಕಿತ್ತುಕೊಳ್ಳುವ ಪೈಕಿ. ಅಂಥವಳ ಹೊಟ್ಟೆಯೊಳಗೇ ಒಂದು ಲೆಕ್ಕ ಬಂದು ಕೂತಿತು. ಅದಕ್ಕೆ ಊರಿಗೊಂದು ಉತ್ತರ ಹುಟ್ಟಿಕೊಂಡಿತು. ಯಾವುದಕ್ಕೆ ಅಂಕ ಕೊಡಬೇಕು, ಯಾವುದಕ್ಕೆ ಸೊನ್ನೆ ಸುತ್ತಬೇಕು ಎಂದು ತಿಳಿಯದೆ ಅವಳು ಕಂಗಾಲಾದಳು.

ನಡೆದದ್ದು ಇಷ್ಟು. ಮಗಳು ಇಂಚರ ಎರಡನೇ ತರಗತಿಗೆ ಬಂದ ಮೇಲೆ ಸ್ನೇಹಲತಾ ಮತ್ತೆ ಬಸುರಿಯಾಗಿದ್ದಳು. ಮೂರು ತಿಂಗಳು ತುಂಬುವ ಮೊದಲೇ ಅದು ಹೋಯಿತು. ಒಳಗೆ ಉಳಿದದ್ದನ್ನು ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿ ಕಳಿಸಿದರು. ಅತ್ತು ಕರೆದು, ಸುಧಾರಿಸಿಕೊಂಡು, ಮತ್ತೆ ಶಾಲೆಗೆ ಹೋಗತೊಡಗಿದ ಮೇಲೆ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಸಂಜೆಯಾದರೆ ಸಣ್ಣಗೆ ಜ್ವರ, ಸೊಂಟದ ಸೆಳೆತ, ಜೊತೆಗೆ ವಾಸನೆ ಬರುವ ಬಿಳಿ ಸೆರಗು. ಪಟ್ಟಣದ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಗರ್ಭಕೋಶದ ಒಳಪದರಕ್ಕೆ ಸೋಂಕು ತಗುಲಿ ಉರಿಯೂತವಾಗಿದೆ, ಹಾಗಾಗುವುದುಂಟು, ಹೆದರಬೇಡಿ ಎಂದು ಎರಡು ವಾರಕ್ಕೆ ಮಾತ್ರೆ ಬರೆದರು. ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆಯನ್ನೂ ಸೇರಿಸಿದರು. ಹೊರಗೆ ಕಾಯುತ್ತಿದ್ದವರ ಸಾಲು ಬಾಗಿಲು ದಾಟಿ ಮೆಟ್ಟಿಲಿನವರೆಗೂ ಇತ್ತು. ಹೇಗೆ ತಗೊಳ್ಳಬೇಕು ಎಂದು ಇವಳು ಕೇಳಿದ್ದಕ್ಕೆ "ಊಟ ಆದ್ಮೇಲೆ" ಎಂದರು, ಅಷ್ಟೇ.

ಅವಳ ಮನೆ ದಂಡಿಗನಹಳ್ಳಿ ಹೋಬಳಿಯ ಒಂದು ಊರಿನಲ್ಲಿ. ಮಾವ ಕೆಂಪಣ್ಣನವರಿಗೆ ತೆಂಗು, ರಾಗಿ, ಸೀಮೆಹಸುಗಳು. ಗಂಡ ಮೋಹನ್‌ಕುಮಾರನಿಗೆ ಪಟ್ಟಣದಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ. ಹೈನಿನ ಮನೆಯಾದ್ದರಿಂದ ಹಸುವಿನ ಗರ್ಭಕೋಶದ ಬಗ್ಗೆ ಅಲ್ಲಿನ ಗಂಡಸರಿಗೆ ತಿಳಿಯದ್ದಿಲ್ಲ. ಕರು ಹಾಕಿ ಇನ್ನೂ ಕಸ ಬಿದ್ದಿಲ್ಲ, ಕೀವು ಬರ್ತೈತೆ, ಬೆದೆ ತಪ್ಪೈತೆ ಎಂದು ಡೈರಿ ಮುಂದೆ ನಿಂತು ಹತ್ತು ಜನರೆದುರು ಕೂಗಾಡುತ್ತಾರೆ. ಸೊಸೆಯ ಗರ್ಭಕೋಶದ ಮಾತು ಬಂದರೆ ಮಾತ್ರ ಅದು ಹೆಂಗಸರ ವಿಷಯ; ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆ ಕಡೆ ನಡೆದುಬಿಡುತ್ತಾರೆ. ಹಸುವಿಗೆ ಇರುವ ಯೋಗ ನನಗಿಲ್ಲವಲ್ಲ ಎಂದು ಸ್ನೇಹಲತಾಗೆ ಒಮ್ಮೊಮ್ಮೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಾಗಿ ಅವಳ ಔಷಧೋಪಚಾರದ ಉಸ್ತುವಾರಿ ಪೂರ್ತಿಯಾಗಿ ಅತ್ತೆ ನಂಜಮ್ಮನ ಪಾಲಿಗೆ ಬಂತು. ನಂಜಮ್ಮ ಕೆಟ್ಟ ಅತ್ತೆಯಲ್ಲ. ಬಾಯಿ ದೊಡ್ಡದು, ಕೈಯೂ ದೊಡ್ಡದು. ಇಂಗ್ಲಿಷ್ ಮಾತ್ರೆ ಅಂದರೆ ಉಷ್ಣ, ಬರೀ ನೀರಲ್ಲಿ ನುಂಗಿದರೆ ಕರುಳು ಸುಟ್ಟುಹೋಗುತ್ತದೆ ಅನ್ನುವುದು ಆ ಮನೆಯಲ್ಲಿ ತಲೆಮಾರಿನಿಂದ ಬಂದ ಮಾತು. ಜ್ವರದ ಮಾತ್ರೆಯಿರಲಿ, ತಲೆನೋವಿನ ಮಾತ್ರೆಯಿರಲಿ, ಹಾಲಿಲ್ಲದೆ ಯಾರ ಗಂಟಲಿಗೂ ಇಳಿಯುವಂತಿರಲಿಲ್ಲ. ಬೆಳಿಗ್ಗೆ ಕರೆದದ್ದನ್ನು ಡೈರಿಗೆ ಕಳಿಸುವ ಮೊದಲೇ ನಂಜಮ್ಮ ಸೊಸೆಯ ಪಾಲು ಎತ್ತಿಟ್ಟು, ಕಾಯಿಸಿ, ದೊಡ್ಡ ಲೋಟದ ತುಂಬ ತಂದು, ಮಾತ್ರೆಗಳನ್ನೆಲ್ಲ ಒಟ್ಟಿಗೆ ಅಂಗೈಯಲ್ಲಿ ಹಿಡಿದು ನಿಲ್ಲುವಳು. ರಾತ್ರಿ ಊಟವಾದ ಮೇಲೆಯೂ ಅದೇ.

"ಕುಡಿಯವ್ವ, ಪೂರ್ತಿ ಕುಡಿ. ಈ ಮಾತ್ರೆ ತಿಂದು ಹಾಲು ಕುಡೀದೆ ಓದ್ರೆ ಮೈಯೆಲ್ಲ ಬೆಂಕಿಯಾಗ್ಬುಡ್ತದೆ."

"ಹೊಟ್ಟೆ ತುಂಬೋಯ್ತು ಅತ್ತೆ, ಸಾಕು."

"ತುಂಬ್ಲಿ ಬುಡು. ಎಂಗೆ ಸೊರಗೋಗಿದೀಯ ನೋಡು, ಕುತ್ತಿಗೆ ಮೂಳೆ ಕಾಣ್ತಾವೆ."

ಹೆತ್ತ ತಾಯಿಯೂ ತನಗಾಗಿ ಇಷ್ಟು ನಿಂತಿರಲಿಲ್ಲ ಎಂದು ಸ್ನೇಹಲತಾಗೆ ಅನ್ನಿಸುತ್ತಿತ್ತು. ಲೋಟದ ತಳ ಕಾಣುವವರೆಗೂ ಕುಡಿಯುವಳು.

ಆದರೆ ನೋವು ಹೋಗಲಿಲ್ಲ. ನಾಲ್ಕು ದಿನ ತಗ್ಗಿದಂತೆ ಮಾಡಿ ಮತ್ತೆ ತಲೆಯೆತ್ತಿತು. ಡಾಕ್ಟರು ಇನ್ನೊಂದು ಸುತ್ತು ಮಾತ್ರೆ ಬರೆದರು. ನಂಜಮ್ಮ ಲೋಟ ಬಿಟ್ಟು ಚೊಂಬಿಗೇ ಕೈ ಹಾಕಿದಳು. ಆ ಸುತ್ತೂ ಮುಗಿಯಿತು, ನೋವು ಕುಂತಲ್ಲೇ ಕುಂತಿತ್ತು.

ಆಮೇಲೆ ಶುರುವಾಯಿತು ನೋಡಿ ಊರೂರಿನ ಉತ್ತರ. ತವರು ಅರಕಲಗೂಡಿನ ಕಡೆ. ಅವಳ ತಾಯಿ ಕರೆಸಿಕೊಂಡು, ನಾಟಿ ಔಷಧಿ ಕೊಡುವ ಬೋರಪ್ಪನ ಮುಂದೆ ಕೂರಿಸಿದಳು. ಬೋರಪ್ಪ ನಾಡಿ ಹಿಡಿದು ಕಣ್ಣು ಮುಚ್ಚಿ, ಇದು ಸೋಂಕೂ ಅಲ್ಲ ಗೀಂಕೂ ಅಲ್ಲ, ಬಸಿರು ಹೋದಾಗ ಸರಿಯಾಗಿ ಬಾಣಂತನ ಮಾಡದೆ ಶೀತ ಏರಿದೆ ಎಂದ. ಅತ್ತೆ ಉಷ್ಣ ಅನ್ನುತ್ತಾಳೆ, ಇವನು ಶೀತ ಅನ್ನುತ್ತಾನೆ! ಕಷಾಯದ ಬೇರು, ಕಟ್ಟುನಿಟ್ಟು ಪಥ್ಯ ಎಲ್ಲ ಹೇಳಿದ. ಬದನೆಕಾಯಿ ಬಿಡು, ಹುಳಿ ಬಿಡು, ತಣ್ಣೀರು ಮುಟ್ಟಬೇಡ. ಕಷಾಯ ಕುಡಿದ ಮೇಲೆ ಬಾಯಿ ಮಾತ್ರ ಕಹಿಯಾಗಿ ಉಳಿಯಿತು.

ಅಲ್ಲಿಂದ ಹೊಳೆನರಸೀಪುರ. ಅಲ್ಲಿ ಮಾವನ ಕಡೆಯ ನಟರಾಜು ಎಂಬ ನೆಂಟ, ತನಗೆ ಗೊತ್ತಿರುವ ಡಾಕ್ಟರಿದ್ದಾರೆ ಎಂದು ಸ್ಕ್ಯಾನಿಂಗ್ ಮಾಡಿಸಿ ತೋರಿಸಿದ. ಆ ಡಾಕ್ಟರು ಫಿಲ್ಮು ಬೆಳಕಿಗೆ ಹಿಡಿದು, ಹಳೆಯ ಚೀಟಿಗಳನ್ನು ತಿರುವಿ, ತುಂಬ ಸಮಾಧಾನದ ದನಿಯಲ್ಲಿ ಹೇಳಿದರು.

"ಎರಡು ಸಲ ಆಂಟಿಬಯೋಟಿಕ್ ಆಗಿದೆ, ಕೇಳಿಲ್ಲ. ಮೂರನೇ ಸಲ ಕೊಟ್ಟು ಏನು ಪ್ರಯೋಜನ? ಒಂದು ಮಗು ಇದೆಯಲ್ಲ. ಗರ್ಭಕೋಶ ತೆಗೆಸಿಬಿಡಿ, ಜೀವನಪೂರ್ತಿ ನೆಮ್ಮದಿ. ಖಂಡಿತವಾಗಿ ಹೇಳ್ತೀನಿ."

ಇನ್ನೊಂದು ಮಗು ಬೇಕು ಎಂಬ ಆಸೆ ಸ್ನೇಹಲತಾಳಲ್ಲಿ ಸತ್ತಿರಲಿಲ್ಲ. ಹೋದ ಮಗುವಿನ ದುಃಖ ಇಂಗುವ ಮೊದಲೇ ಮುಂದಿನದರ ಬಾಗಿಲೂ ಮುಚ್ಚುವುದೆಂದರೆ ಹೇಗೆ? ಪಕ್ಕದಲ್ಲಿದ್ದ ನಂಜಮ್ಮನಿಗೆ ಮಾತ್ರ ಮನಸ್ಸು ಹಗುರಾದ ಹಾಗಿತ್ತು.

"ಅದೇ ಸರಿ ಕಣವ್ವ," ಎಂದಳು ಹೊರಗೆ ಬಂದ ಮೇಲೆ. "ನಂಗೂ ಇಂಗೇ ಆಗಿತ್ತು. ಮೋಹನನ್ನ ಸ್ಕೂಲಿಗೆ ಸೇರುಸಿದ್ ವರ್ಸ. ಮಾತ್ರೆ ನುಂಗಿ ನುಂಗಿ ಸಾಕಾಗಿ ತೆಗ್ಸಾಕ್ಬುಟ್ಟೆ. ಈಗ ನೋಡು, ಗುಂಡ್ಕಲ್ಲು ಇದ್ದಂಗೆ ಇದೀನಿ. ಅದೇನು ಇಟ್ಕೊಂಡು ಪೂಜೆ ಮಾಡ್ಬೇಕಾ?"

ಮನೆಯಲ್ಲಿ ಆಪರೇಷನ್ನಿಗೆ ದಿನ ನೋಡುವ ಮಾತು ಶುರುವಾಯಿತು. ಬೇಸಿಗೆ ರಜೆಯಲ್ಲಾದರೆ ಶಾಲೆಗೆ ತೊಂದರೆಯಿಲ್ಲ ಎಂದರು. ಯಾರು ಬಂದು ನೋಡಿಕೊಳ್ಳಬೇಕು ಎಂಬುದೂ ತೀರ್ಮಾನವಾಯಿತು. ತೀರ್ಮಾನವಾಗದೆ ಉಳಿದದ್ದು ಸ್ನೇಹಲತಾಳ ಮನಸ್ಸು ಒಂದೇ. ಅತ್ತೆ ಬದುಕಿ ಬಾಳಿದ ಸಾಕ್ಷಿ, ಎದುರಿಗೇ ಓಡಾಡುತ್ತಿದ್ದಾಳೆ. ಡಾಕ್ಟರು ಓದಿದವರು. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ತೆಗೆಸಬೇಡಿ ಎಂದಿದೆ, ಇನ್ನೊಂದು ಕಡೆ ತಡಮಾಡಬೇಡಿ ಎಂದಿದೆ, ಮೂರನೆಯದು ಬೆಳ್ಳುಳ್ಳಿ ತಿನ್ನಿ ಅನ್ನುತ್ತದೆ. ಶಾಲೆಯಲ್ಲಿ ಭಿನ್ನರಾಶಿ ಹೇಳಿಕೊಡುತ್ತ ಅರ್ಧಕ್ಕೆ ಕಾಲು ಕೂಡಿಸಿ ಒಂದು ಎಂದು ಬರೆದಳು. ಹಿಂದಿನ ಬೆಂಚಿನ ಯಶಸ್ ಎದ್ದು ನಿಂತು "ಮಿಸ್, ತಪ್ಪು" ಎಂದಾಗ, ಬೋರ್ಡಿಗೆ ಮುಖ ತಿರುಗಿಸಿ ನಿಂತುಕೊಂಡೇ ಅತ್ತಳು.

ಅಂದು ಸಂಜೆ ನೇರವಾಗಿ ಗಂಡನ ಅಂಗಡಿಗೇ ಹೋದಳು. ಮೋಹನ್‌ಕುಮಾರ ಬಿಚ್ಚಿದ ಮೋಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಹೆಂಗಸರ ವಿಷಯಕ್ಕೆ ತಲೆ ಹಾಕದ ಮನೆತನದವನೇ ಆದರೂ ಹೆಂಡತಿಯ ಮುಖ ನೋಡಿ ಎದ್ದು ನಿಂತ.

"ರೀ, ನಂಗೆ ತೆಗ್ಸೋಕೆ ಇಷ್ಟ ಇಲ್ಲ. ಆದ್ರೆ ಬೇಡ ಅನ್ನೋಕೂ ಧೈರ್ಯ ಇಲ್ಲ. ನೀವು ಏನಾದ್ರೂ ಒಂದು ಹೇಳಿ."

ಅವನು ಕೈಗೆ ಅಂಟಿದ್ದ ಗ್ರೀಸು ಒರೆಸಿಕೊಳ್ಳುತ್ತ ಯೋಚಿಸಿದ. "ನಂಗೇನ್ ಗೊತ್ತಾಯ್ತದೆ ಲತಾ? ಮೋಟರ್ ಕೆಟ್ರೆ ಮೊದ್ಲು ಯಾಕ್ ಕೆಡ್ತು ಅಂತ ನೋಡ್ತೀನಿ. ವೋಲ್ಟೇಜಾ, ಬೇರಿಂಗಾ, ನೀರು ಒಕ್ಕೈತಾ ಅಂತ. ಬಿಸಾಕು ಅಂತ ಕೊನೇಗೆ ಏಳ್ತೀನಿ. ಮಾತ್ರೆ ಯಾಕ್ ಕೇಳ್ಲಿಲ್ಲ ಅಂತ ಯಾರೂ ನೋಡ್ಲಿಲ್ವಲ್ಲ?"

ಗಂಡ ತನ್ನ ಗರ್ಭಕೋಶವನ್ನು ಮೋಟರಿಗೆ ಹೋಲಿಸಿದ್ದಕ್ಕೆ ಬೇರೆ ದಿನವಾಗಿದ್ದರೆ ಜಗಳವೇ ಆಗುತ್ತಿತ್ತು. ಅಂದು ಅವಳಿಗೆ ಆ ಮಾತು ಆಪ್ಯಾಯಮಾನವಾಯಿತು. ಹಾಸನದಲ್ಲಿ ಇನ್ನೊಬ್ಬರಿಗೆ ತೋರಿಸುವುದು ಎಂದು ಇಬ್ಬರೂ ನಿಶ್ಚಯಿಸಿದರು. ನಂಜಮ್ಮ ಮುಖ ಸಿಂಡರಿಸಿ, "ಓಗ್ರಪ್ಪ, ಇನ್ನೂ ನಾಕ್ ಜನ ನಾಕ್ ತರ ಏಳ್ಲಿ," ಎಂದಳು. ಆದರೂ ಹೊರಡುವಾಗ ಸೀರೆ ಬದಲಿಸಿ ತಾನೂ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ಹಾಸನದ ಡಾಕ್ಟರ ಹೆಸರು ಹಂಸ. ನಡುವಯಸ್ಸಿನವರು, ಮಾತು ಕಡಿಮೆ, ಕೇಳುವುದು ಜಾಸ್ತಿ. ಹಳೆಯ ಚೀಟಿಗಳನ್ನೆಲ್ಲ ನೋಡಿ, "ಮಾತ್ರೆ ಸರಿಯಾಗೇ ಕೊಟ್ಟಿದ್ದಾರಲ್ಲ, ಬಿಡದೆ ತಗೊಂಡ್ರಾ?" ಎಂದು ಕೇಳಿದರು.

ಸ್ನೇಹಲತಾ ಬಾಯಿ ತೆರೆಯುವ ಮೊದಲೇ ನಂಜಮ್ಮ ಮುಂದೆ ಬಾಗಿದಳು. "ಒಂದೊತ್ತೂ ಬುಟ್ಟಿಲ್ಲ ಕಣ್ರವ್ವ. ನಾನೇ ನಿಂತ್ಕೊಂಡು ಕುಡುಸಿದೀನಿ. ಬರೀ ನೀರಲ್ಲಿ ಒಂದಿನಾನೂ ಕೊಟ್ಟಿಲ್ಲ. ಗಟ್ಟಿ ಹಾಲು, ನಮ್ಮನೆ ಹಸೀದೇ. ಒಂದ್ ಲೋಟ ತುಂಬ. ಎರಡ್ನೇ ಸಲ ಚೊಂಬಲ್ಲೇ ಕೊಟ್ಟೆ."

"ಕಬ್ಬಿಣದ ಮಾತ್ರೆ?"

"ಎಲ್ಲಾ ಒಟ್ಗೆ. ಒಂದೇ ಗುಟುಕಿಗೆ."

ಹಂಸ ಪೆನ್ನು ಕೆಳಗಿಟ್ಟರು. ನಗಬೇಕೋ ಬೇಡವೋ ಎಂಬಂತೆ ಒಂದು ಕ್ಷಣ ನಂಜಮ್ಮನನ್ನು ನೋಡಿದರು. ಆಮೇಲೆ ಬಿಡಿಸಿ ಹೇಳಿದರು: ಇಂಥ ಕೆಲವು ಆಂಟಿಬಯೋಟಿಕ್ ಮಾತ್ರೆಗಳು ಹಾಲನ್ನೂ ಕಬ್ಬಿಣದ ಮಾತ್ರೆಯನ್ನೂ ಕಂಡರೆ ಅವಕ್ಕೇ ಅಂಟಿಕೊಂಡುಬಿಡುತ್ತವೆ, ಆಗ ರಕ್ತಕ್ಕೆ ಸೇರಬೇಕಾದಷ್ಟು ಸೇರುವುದಿಲ್ಲ. ನೀರಲ್ಲೇ ನುಂಗಬೇಕು, ಹಾಲು, ಮೊಸರು, ಕಬ್ಬಿಣದ ಮಾತ್ರೆ ಏನಿದ್ದರೂ ಕೆಲವು ಗಂಟೆ ದೂರವಿರಬೇಕು.

"ಅಂದ್ರೆ ನಾನು ಕೊಟ್ಟ ಹಾಲಿಂದ್ಲೇ..." ಎಂದಳು ನಂಜಮ್ಮ.

"ಹಾಲು ಒಳ್ಳೇದೇ ಅಮ್ಮ. ಈ ಮಾತ್ರೆ ಜೊತೆಗೆ ಬೇಡ ಅಷ್ಟೇ. ಅದೊಂದೇ ಕಾರಣ ಅಂತಾನೂ ನಾನು ಹೇಳಲ್ಲ, ಬೇರೆ ಏನೋ ಇರಬಹುದು. ಒಳಪದರದ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿ ನೋಡೋಣ. ಮಾತ್ರೆ ಸರಿಯಾಗಿ ತಗೊಳ್ಳಲಿ. ಅದಕ್ಕೂ ಬಗ್ಗದಿದ್ರೆ ಅಡ್ಮಿಟ್ ಮಾಡ್ಕೊಂಡು ಡ್ರಿಪ್ಪಲ್ಲಿ ಔಷಧಿ ಕೊಡೋದಿದೆ. ತೆಗೆಯೋ ಮಾತು ಎಲ್ಲ ಮುಗಿದ ಮೇಲೆ. ನೆಗಡಿ ಆಯ್ತು ಅಂತ ಮೂಗು ಕೊಯ್ಸಿಕೊಳ್ತಾರಾ?"

"ಹಾಗಾದ್ರೆ ವಾಸಿ ಆಗುತ್ತಾ ಮೇಡಂ?" ಸ್ನೇಹಲತಾ ಕೇಳಿದಳು. "ಖಂಡಿತವಾಗಿ ಆಗುತ್ತಾ?"

"ಖಂಡಿತ ಅನ್ನೋಕಾಗಲ್ಲ. ಆಗೋ ಸಾಧ್ಯತೆ ಚೆನ್ನಾಗಿದೆ."

ಮೂರು ಊರು ಸುತ್ತಿ ಬಂದವಳಿಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವರು ಸಿಕ್ಕಿದ್ದು ಇವರೊಬ್ಬರೇ. ಅದರಿಂದ ಸಮಾಧಾನ ಆಯಿತೋ ಭಯ ಹೆಚ್ಚಿತೋ ಅವಳಿಗೇ ಹೇಳಲಾಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನಂಜಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಹಾಲು ವಿಷ ಅನ್ನೋ ಕಾಲ ಬಂತಲ್ಲಪ್ಪ ಎಂದು ಹಸುವಿನ ಹತ್ತಿರ ದೂರಿದಳು, ಕೆಂಪಣ್ಣನ ಹತ್ತಿರ ದೂರಿದಳು. ಲ್ಯಾಬಿನ ವರದಿಯಲ್ಲಿ ಉರಿಯೂತ ಇರುವುದು ನಿಜವೆಂದು ಬಂದು, ಮಾತ್ರೆ ಶುರುವಾದ ದಿನ ಮಾತ್ರ ತಾನೇ ನೀರಿನ ಲೋಟ ಹಿಡಿದು ಬಂದು ನಿಂತಳು. ಕೈ ಚಾಚಿ ಕೊಡಲು ಮನಸ್ಸೇ ಬಾರದು. "ಸುಡ್ತದೇನೋ ನೋಡ್ಕೊಳವ್ವ," ಎಂದು, ಸೊಸೆ ನುಂಗಿ ಮುಗಿಸುವ ತನಕ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ಕಬ್ಬಿಣದ ಮಾತ್ರೆಯ ಡಬ್ಬಿಯನ್ನು ಬೇರೆ ಗೂಡಿಗೆ ಸಾಗಿಸಿದಳು. ಹಾಲಿನ ಲೋಟ ಸಂಜೆಗೆ ಹೋಯಿತು.

ಮೊದಲು ಜ್ವರ ಬಿಟ್ಟಿತು. ಆಮೇಲೆ ವಾಸನೆ ಹೋಯಿತು, ಆಮೇಲೆ ನೋವು. ಒಂದು ದಿನ ಶಾಲೆಯ ಮೆಟ್ಟಿಲು ಹತ್ತಿದ ಮೇಲೆ, ನೋವಿಗೆ ಕಂಬ ಹಿಡಿದು ನಿಲ್ಲುವುದನ್ನೇ ತಾನು ಮರೆತದ್ದು ಸ್ನೇಹಲತಾಳ ಗಮನಕ್ಕೆ ಬಂತು. ಹರ್ಷಪಡಲು ಹೆದರಿಕೆ. ಹಿಂದೆಯೂ ನಾಲ್ಕು ದಿನ ತಗ್ಗಿ ಮತ್ತೆ ಬಂದಿತ್ತಲ್ಲ! ಯಾರಿಗೂ ಹೇಳದೆ ಮತ್ತಷ್ಟು ದಿನ ಕಾದಳು.

ಮರುಪರೀಕ್ಷೆಗೆ ಅತ್ತೆ ಸೊಸೆ ಇಬ್ಬರೇ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಬಂದಿದ್ದರು. ವರದಿ ತರಲು ಮತ್ತೆ ಹೋದಾಗ, ಹಂಸ ಅದನ್ನು ಓದಿ ತಲೆಯೆತ್ತಿ ನಕ್ಕರು. ಒಳಪದರ ಸ್ವಚ್ಛವಾಗಿದೆ, ಆಪರೇಷನ್ನಿನ ಮಾತು ಮರೆತುಬಿಡಿ, ಇನ್ನು ಕೆಲವು ತಿಂಗಳು ಬಿಟ್ಟು ಮಗುವಿನ ಯೋಚನೆ ಮಾಡಬಹುದು ಎಂದರು. ಸ್ನೇಹಲತಾ ಮೇಜಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು.

ಹೊರಗೆ ಬಂದು ಫೋನು ಹಚ್ಚಿದರೆ ಎಲ್ಲರಿಗೂ ಬಹುಮಾನ ಬೇಕು. "ನಾನೇಳ್ಲಿಲ್ವಾ, ಕಾರಣ ಹುಡುಕ್ಬೇಕು ಅಂತ," ಎಂದ ಮೋಹನ್‌ಕುಮಾರ. ಬೋರಪ್ಪನ ಕಷಾಯ ಈಗ ಕೆಲಸ ಮಾಡಿದೆ ಎಂದಳು ಅರಕಲಗೂಡಿನ ತಾಯಿ. ಸ್ಕ್ಯಾನಿಂಗ್ ಮಾಡಿಸಿದ್ದರಿಂದಲೇ ದಾರಿ ಸಿಕ್ಕಿತು ಎಂದ ನಟರಾಜು. ಗೆದ್ದ ಎತ್ತಿನ ಬಾಲ ಹಿಡಿಯುವವರಿಗೇನು ಬರವೇ? ಏನನ್ನೂ ಕೇಳದೆ ಸುಮ್ಮನಿದ್ದವಳು ನಂಜಮ್ಮ ಒಬ್ಬಳೇ. ಡಾಕ್ಟರ ಕೋಣೆಯಲ್ಲೂ ಅವಳು ಒಂದು ಮಾತೂ ಆಡಿರಲಿಲ್ಲ. ತನ್ನ ಹಾಲಿನಿಂದ ಹೀಗಾಯಿತು ಎಂಬ ಮುಜುಗರವಿರಬೇಕು ಎಂದುಕೊಂಡು ಸ್ನೇಹಲತಾ ಅವಳ ಕೈ ಹಿಡಿದು ಬಸ್ಸು ಹತ್ತಿಸಿದಳು.

ಶಾಂತಿಗ್ರಾಮ ದಾಟುವವರೆಗೂ ನಂಜಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಇನ್ನು ತಡೆಯಲಾರದೆ ಸ್ನೇಹಲತಾ ಹೇಳಿದಳು. "ಅತ್ತೆ, ನೀವು ಬೇಜಾರು ಮಾಡ್ಕೋಬೇಡಿ. ನಿಮಗೇನು ಗೊತ್ತಿತ್ತು? ಒಳ್ಳೇದಕ್ಕೇ ತಾನೇ ಕೊಟ್ಟಿದ್ದು."

"ಅದಲ್ಲ ಕಣವ್ವ." ನಂಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ನಂಗೂ ಹಾಲಲ್ಲೇ ಕೊಡೋರು. ನಮ್ಮತ್ತೆ. ಇಂಗೇ, ಮುಂದೆ ನಿಂತ್ಕೊಂಡು. ಬಲೇ ಪ್ರೀತಿ ಅವ್ರಿಗೆ ನನ್ ಮ್ಯಾಲೆ."

ಸ್ನೇಹಲತಾಗೆ ತಟ್ಟನೆ ಅರ್ಥವಾಯಿತು. ಅರ್ಥವಾದದ್ದೇ ಬೇಡವಾಗಿತ್ತು ಅನ್ನಿಸಿತು.

"ಮೋಹನನ ಬೆನ್ ಮ್ಯಾಲೆ ಒಂದು ಹೆಣ್ ಮಗ ಬೇಕು ಅಂತಿತ್ತು ನಂಗೆ," ಎಂದಳು ನಂಜಮ್ಮ. ಗುಂಡುಕಲ್ಲಿನಂತಿದ್ದೇನೆ ಎಂದು ಜಂಬ ಕೊಚ್ಚಿದ್ದ ಹೆಂಗಸು, ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರದ ಮಾತು. "ಯಾರ್ಗೂ ಏಳ್ಲಿಲ್ಲ. ಮಾತ್ರೆ ಕೇಳ್ಲಿಲ್ವಲ್ಲ, ಇನ್ನೇನ್ ಮಾಡೋಕಾಯ್ತದೆ ಅಂತ ಸುಮ್ನಾಗ್ಬುಟ್ಟೆ. ನೀನು ಓದ್ದೋಳು, ಏಳವ್ವ. ನಿಂದು ನೀರಲ್ಲಿ ನುಂಗಿದ್ಕೆ ಉಳೀತು. ಅಂಗಾರೆ ನಂದು ಸುಮ್‌ಸುಮ್ನೆ ತೆಗುದ್ರಾ?"

ಸ್ನೇಹಲತಾಗೆ ಏನು ಗೊತ್ತು? ಆಗ ಯಾವ ಮಾತ್ರೆ ಕೊಟ್ಟರೋ, ಯಾವ ಕಾಯಿಲೆಯೋ, ಯಾವ ಕಾಗದವೂ ಇಲ್ಲ. ಹೌದೂ ಇರಬಹುದು, ಅಲ್ಲವೂ ಇರಬಹುದು. ಗೊತ್ತಿಲ್ಲ ಅತ್ತೆ ಎನ್ನುವುದೇ ಸರಿಯಾದ ಉತ್ತರ. ಆದರೆ ಗೊತ್ತಿಲ್ಲ ಅನ್ನುವ ಮಾತನ್ನು ಇಟ್ಟುಕೊಂಡು ಈ ಮುದುಕಿ ಉಳಿದ ಆಯುಸ್ಸನ್ನು ಹೇಗೆ ಕಳೆಯಬೇಕು? ತಾನು ಕೆಲವು ತಿಂಗಳು ಹೊತ್ತ ಗೊಂದಲವೇ ತನ್ನನ್ನು ಹಣ್ಣು ಮಾಡಿತ್ತು. ಅವಳು ಅತ್ತೆಯ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ತರಗತಿಯಲ್ಲಿ ಮಗ್ಗಿ ಹೇಳಿಸುವ ಗಟ್ಟಿ ದನಿಯಲ್ಲಿ ಹೇಳಿದಳು.

"ಇಲ್ಲ ಅತ್ತೆ. ಆಗಿನ ಮಾತ್ರೆಗಳೇ ಬೇರೆ. ಅವಕ್ಕೂ ಹಾಲಿಗೂ ಏನೂ ಸಂಬಂಧ ಇರಲಿಲ್ಲ. ನಿಮ್ಮದು ತೆಗೀಲೇಬೇಕಿತ್ತು."

"ನಿಜವಾ?"

"ನಿಜ. ಖಂಡಿತ."

ನಂಜಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಕೈ ಬಿಡಿಸಿಕೊಳ್ಳಲಿಲ್ಲ.

"ಆವತ್ತು ಹೊಳೆನರಸೀಪುರದ್ ಡಾಕ್ಟ್ರೂ ಇಂಗೇ ಏಳಿದ್ರು ಕಣವ್ವ," ಎಂದಳು. "ಖಂಡಿತ ಅಂತ." ಮತ್ತೆ ಕಿಟಕಿಯ ಕಡೆ ತಿರುಗಿ ಕೂತಳು.